ರೀಜೆನ್ಸಿ ಪ್ರಣಯ ಕಾದಂಬರಿ: ಆಸ್ಟೆನ್, ಹೇಯರ್ ಅಥವಾ ಕ್ವಿನ್?

ಇಂಗ್ಲೆಂಡಿನ ರೀಜೆನ್ಸಿ ಕಾಲದ (1811–1820, ಕಾಯಿಲೆಯ ರಾಜನ ಪರವಾಗಿ ಯುವರಾಜ ಆಳಿದ ಕಾಲ) ಪ್ರಣಯ ಕಾದಂಬರಿಗಳನ್ನು ಯಾರಿಂದ ಆರಂಭಿಸಬೇಕೆಂಬುದು ಓದುಗರು ಬಯಸುವ ರುಚಿಯನ್ನು ಅವಲಂಬಿಸಿದೆ.

ಭಾಷೆಯ ಮಟ್ಟಿಗೆ ಜೂಲಿಯಾ ಕ್ವಿನ್ ಸುಲಭ. 2000ರಲ್ಲಿ ಆರಂಭವಾದ ಬ್ರಿಡ್ಜರ್ಟನ್ ಸರಣಿಯ ಇಂಗ್ಲಿಷ್ ಬಹುಮಟ್ಟಿಗೆ ಇಂದಿನದೇ. ಇಪ್ಪತ್ತನೇ ಶತಮಾನದ ಲೇಖಕಿ ಜಾರ್ಜೆಟ್ ಹೇಯರ್ ಅವರಲ್ಲಿ ರೀಜೆನ್ಸಿ ಕಾಲದ ಆಡುನುಡಿ, ಸಾರೋಟುಗಳ ಬಗೆ, ಕ್ರವಾಟ್ (ಗಂಡಸರ ಕೊರಳವಸ್ತ್ರ) ಕಟ್ಟುವ ಠೀವಿ ಎಲ್ಲವೂ ದಟ್ಟವಾಗಿರುವುದರಿಂದ ಮೊದಲ ಪುಟಗಳಲ್ಲಿ ನಿಘಂಟು ಬೇಕಾದೀತು; ಕಾಲದ ವಿವರಗಳನ್ನು ಸವಿಯುವವರಿಗೆ ಅದೇ ಹಬ್ಬ.

ಜೇನ್ ಆಸ್ಟೆನ್ ತಮ್ಮದೇ ಕಾಲವನ್ನು ಬರೆದವರಾದ್ದರಿಂದ ಉಡುಗೆ-ತೊಡುಗೆಯನ್ನು ವಿವರಿಸುವುದೇ ಅಪರೂಪ. 'ಪ್ರೈಡ್ ಅಂಡ್ ಪ್ರೆಜುಡಿಸ್'ನಲ್ಲಿ (1813) ಕಾಯಿಲೆ ಬಿದ್ದ ಅಕ್ಕನನ್ನು ನೋಡಲು ನಾಯಕಿ ಎಲಿಜಬೆತ್ ಮೂರು ಮೈಲಿ ನಡೆದುಬಂದಾಗ, ಆ ಮನೆಯ ಹೆಂಗಸರು ಅವಳ ಲಂಗಕ್ಕೆ ಮೆತ್ತಿದ ಆರು ಇಂಚು ಕೆಸರನ್ನು ಆಡಿಕೊಳ್ಳುತ್ತಾರೆ. ನಾಯಕ ಡಾರ್ಸಿಯ ಗಮನವಿರುವುದು ನಡಿಗೆಯಿಂದ ಹೊಳಪೇರಿದ ಅವಳ ಕಣ್ಣುಗಳ ಮೇಲೆ. ಇಂಥ ಸೂಕ್ಷ್ಮಕ್ಕಾಗಿ ನಿಧಾನವಾಗಿ ಓದುವ ತಾಳ್ಮೆಯುಳ್ಳವರಿಗೆ ಆಸ್ಟೆನ್ ಹೊಂದುತ್ತಾರೆ. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಖರ್ಚೂ ಇಲ್ಲ.

ಶೃಂಗಾರ ದೃಶ್ಯಗಳು ನೇರವಾಗಿ ಬರುವುದು ಕ್ವಿನ್ ಅವರಲ್ಲಿ ಮಾತ್ರ. ಅದು ಬೇಡವೆನಿಸಿ, ನಗು ಮತ್ತು ಮಾತಿನ ಚಕಮಕಿ ಮಾತ್ರ ಸಾಕೆನ್ನುವವರು ಹೇಯರ್ ಅವರ 'ದಿ ಗ್ರ್ಯಾಂಡ್ ಸೋಫಿ'ಯನ್ನು (1950) ಎತ್ತಿಕೊಳ್ಳಬಹುದು, ಅದರಲ್ಲಿನ ಯಹೂದಿ ಲೇವಾದೇವಿಗಾರನ ಚಿತ್ರಣ ಇಂದು ಮುಜುಗರ ತರುತ್ತದೆಂಬುದನ್ನು ತಿಳಿದೇ.