ಹಳೇ ಪಿಸಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ತರುವ ಮುಂಚೆ ಮದರ್‌ಬೋರ್ಡ್ ಹೆಸರು ನೋಡಿ

ಹಳೇ ಕಂಪ್ಯೂಟರಿಗೆ ಆರ್‌ಎಕ್ಸ್ 6500 ಎಕ್ಸ್‌ಟಿ ಅಥವಾ ಆರ್‌ಎಕ್ಸ್ 6400 ಗ್ರಾಫಿಕ್ಸ್ ಕಾರ್ಡ್ ಹಾಕಿಸೋಣ ಅಂತ ಯಾರಾದರೂ ದುಡ್ಡು ಕೂಡಿಡುತ್ತಿದ್ದರೆ, ದಯವಿಟ್ಟು ಇದನ್ನು ಓದಿ ಆಮೇಲೆ ಅಂಗಡಿಗೆ ಹೋಗಿ. ನಾನು ಕಳೆದದ್ದು ನನ್ನ ದುಡ್ಡಲ್ಲ, ತಮ್ಮನದು. ಎರಡು ವರ್ಷ ನಮ್ಮ ಬೀದಿಯ ಮಕ್ಕಳಿಗೆ ಟ್ಯೂಷನ್ ಹೇಳಿ ಉಳಿಸಿದ್ದ. "ಅಣ್ಣ, ನಿಂಗೆ ಗೊತ್ತಿರುತ್ತೆ, ನೀನೇ ನೋಡಿ ತಗೋ" ಅಂದಿದ್ದ. ನಾನು ನೋಡಬೇಕಾದ್ದನ್ನು ನೋಡಲಿಲ್ಲ.

ಪಿಸಿ 2014ರದ್ದು. ಐ5-4460 ಪ್ರೊಸೆಸರ್, ಎಚ್81 ಚಿಪ್‌ಸೆಟ್‌ನ ಮದರ್‌ಬೋರ್ಡ್, ಆಮೇಲೆ 16 ಜಿಬಿಗೆ ಏರಿಸಿದ ಡಿಡಿಆರ್3 ರ‍್ಯಾಮ್. ಗ್ರಾಫಿಕ್ಸ್‌ಗೆ 2 ಜಿಬಿಯ ಜಿಟಿಎಕ್ಸ್ 750 ಟಿಐ. ಪಾಪ, ಒಂಬತ್ತು ವರ್ಷ ದುಡಿದ ಕಾರ್ಡು ಅದು.

2023ರಲ್ಲಿ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದೆವು. ನಾಲ್ಕೈದು ಅಂಗಡಿ ಸುತ್ತಿದೆವು. ಒಬ್ಬರು 6500 ಎಕ್ಸ್‌ಟಿ ತೋರಿಸಿ, ಈ ರೇಟಿಗೆ ಇದಕ್ಕಿಂತ ಹೊಸ ಕಾರ್ಡು ಸಿಗಲ್ಲ ಅಂದರು. ನಮ್ಮದು ಹಳೇ ಬೋರ್ಡು, ಆಗುತ್ತಾ ಅಂತ ಕೇಳಿದೆ. "ಸ್ಲಾಟ್ ಒಂದೇ ಸಾರ್, ಯಾವ ಬೋರ್ಡಿಗಾದರೂ ಕೂರುತ್ತೆ." ಎಸ್‌ಎಂಪಿಎಸ್ (ಪಿಸಿಗೆ ಕರೆಂಟು ಕೊಡುವ ಡಬ್ಬಿ) 450 ವ್ಯಾಟ್ ಇದೆ ಅಂದೆ. "ಸಾಕು ಬಿಡಿ." ನಮ್ಮ ಎಸ್‌ಎಂಪಿಎಸ್‌ನಲ್ಲಿ ಈ ಕಾರ್ಡಿಗೆ ಬೇಕಾದ ಆರು ಪಿನ್ನಿನ ಪವರ್ ವೈರ್ ಇರಲಿಲ್ಲ, ಅದಕ್ಕೊಂದು ಕನ್ವರ್ಟರನ್ನು ಸುಮ್ನೆ ಹಾಗೇ ಕೊಟ್ಟರು. 15,500 ರೂಪಾಯಿ ಕೊಟ್ಟು ಬಂದೆವು.

ಕಾರ್ಡು ಕೂತಿತು. ಡಿಸ್‌ಪ್ಲೇನೂ ಬಂತು. ಜಿಟಿಎ 5 ಆಟ ಹಾಕಿದರೆ ಮೊದಲ ಹತ್ತು ನಿಮಿಷ ತಮ್ಮನ ಮುಖ ನೋಡಬೇಕಿತ್ತು. ಸೆಕೆಂಡಿಗೆ 70 ಫ್ರೇಮಿನ ಮೇಲೆ ಓಡುತ್ತಿತ್ತು. ಟೆಕ್ಸ್‌ಚರ್ (ಚಿತ್ರದ ವಿವರ) ಏರಿಸಿದ. ಸೆಟಿಂಗ್ಸ್‌ನಲ್ಲಿ ವಿಡಿಯೋ ಮೆಮೊರಿ ಎಷ್ಟು ತುಂಬಿದೆ ಅಂತ ತೋರಿಸುವ ಪಟ್ಟಿ 4 ಜಿಬಿ ಹತ್ತಿರ ಬಂತು. ಅಲ್ಲಿಂದ ಶುರು. ಕಾರು ತಿರುವು ತಗೊಂಡ ಕೂಡಲೇ ಪರದೆ ನಿಂತುಬಿಡುವುದು, ಅರ್ಧ ಸೆಕೆಂಡ್ ಬಿಟ್ಟು ಮುಂದಕ್ಕೆ ಹಾರುವುದು. 750 ಟಿಐಯಲ್ಲಿ ಫ್ರೇಮ್ ಕಡಿಮೆ ಇದ್ದರೂ ಹೀಗೆ ಆಗುತ್ತಿರಲಿಲ್ಲ. ಡ್ರೈವರ್ ಮೂರು ಸಲ ಅಳಿಸಿ ಹಾಕಿದೆ. ವಿಂಡೋಸ್ ಹೊಸದಾಗಿ ಹಾಕಿದೆ. ಒಂದು ವಾರ ಹೋಯಿತು.

ಕೊನೆಗೆ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಅನ್ನುವ ಸಾಫ್ಟ್‌ವೇರ್ ತೆರೆದು ಬಸ್ ಇಂಟರ್‌ಫೇಸ್ ಅನ್ನುವ ಸಾಲು ನೋಡಿದೆ. ಕಾರ್ಡು ಸುಮ್ಮನಿದ್ದಾಗ ಆ ಸಾಲು ಕಡಿಮೆ ಲೆಕ್ಕ ತೋರಿಸಬಹುದು, ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ಟೆಸ್ಟ್ ಓಡಿಸಿಯೇ ನೋಡಬೇಕು. ಓಡಿಸಿದೆ. ಎಕ್ಸ್4 2.0 ಅಂತಿತ್ತು.

ಇದರ ಅರ್ಥ ಹೇಳುತ್ತೇನೆ, ಇಡೀ ಕಥೆ ಇರುವುದು ಇಲ್ಲೇ. ಕಾರ್ಡಿಗೂ ಬೋರ್ಡಿಗೂ ಮಧ್ಯೆ ಇರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟನ್ನು ರಸ್ತೆ ಅಂದುಕೊಳ್ಳಿ. ಸ್ಲಾಟ್ ಉದ್ದಕ್ಕೂ 16 ಲೇನ್ ಇವೆ. ಆದರೆ 2022ರ ಜನವರಿಯಲ್ಲಿ ಬಂದ 6500 ಎಕ್ಸ್‌ಟಿ ನಾಲ್ಕೇ ಲೇನ್ ಬಳಸುತ್ತದೆ. ಹೊಸ ಬೋರ್ಡುಗಳ 4.0 ತಲೆಮಾರಿನ ಸ್ಲಾಟಿನಲ್ಲಿ ಆ ನಾಲ್ಕು ಲೇನಲ್ಲೇ ಸೆಕೆಂಡಿಗೆ ಸುಮಾರು 8 ಜಿಬಿ ಹರಿಯುತ್ತದೆ. 3.0 ಸ್ಲಾಟಿನಲ್ಲಿ ಅದು 4 ಜಿಬಿ. ನಮ್ಮ ಎಚ್81ರಲ್ಲಿರುವುದು 2.0. ಅಂದರೆ ಬರೀ 2 ಜಿಬಿ. ಕಾರ್ಡಿನ 4 ಜಿಬಿ ಮೆಮೊರಿ ಸಾಲದೆ ಹೋದಾಗ ಉಳಿದದ್ದು ರ‍್ಯಾಮಿನಿಂದ ಈ ಸಂದಿಯಲ್ಲೇ ಬರಬೇಕು. ಅದಕ್ಕೇ ತಿರುವಿನಲ್ಲಿ ಪರದೆ ನಿಲ್ಲುತ್ತಿದ್ದದ್ದು. ಕಾರ್ಡು ಕೆಟ್ಟಿರಲಿಲ್ಲ, ಬೋರ್ಡೂ ಕೆಟ್ಟಿರಲಿಲ್ಲ. ಎರಡಕ್ಕೂ ಜೋಡಿ ಆಗಲ್ಲ, ಅಷ್ಟೇ.

ಇದರ ಮೇಲೆ ಇನ್ನೊಂದು. ತಮ್ಮನಿಗೆ ಆಟ ರೆಕಾರ್ಡ್ ಮಾಡುವ ಆಸೆ. ಈ ಕಾರ್ಡಿನಲ್ಲಿ ವಿಡಿಯೋ ಎನ್‌ಕೋಡರೇ ಇಲ್ಲ. ರೆಕಾರ್ಡಿಂಗ್ ಭಾರವೆಲ್ಲ ಆ ಹಳೇ ಪ್ರೊಸೆಸರ್ ಮೇಲೆ ಬಿತ್ತು.

ಆಮೇಲೆ ಪಿಸಿ ಆಟದ ಮಧ್ಯೆ ಪಟ್ ಅಂತ ಆಫ್ ಆಗತೊಡಗಿತು. ಒಂದು ರಾತ್ರಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಪ್ಲಗ್ ಕಿತ್ತು ಪಿಸಿಯ ಬಾಗಿಲು ತೆಗೆದರೆ, ಅಂಗಡಿಯವರು ಕೊಟ್ಟ ಕನ್ವರ್ಟರಿನ ಬಿಳಿ ತುದಿ ಹಳದಿ ವೈರ್ ಸೇರುವ ಕಡೆ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ಆಗ ಎಸ್‌ಎಂಪಿಎಸ್ ಮೇಲಿನ ಸ್ಟಿಕರನ್ನು ಮೊದಲ ಸಲ ಸರಿಯಾಗಿ ಓದಿದೆ. ದೊಡ್ಡ ಅಕ್ಷರದಲ್ಲಿ 450 ವ್ಯಾಟ್. ಕೆಳಗೆ ಸಣ್ಣದಾಗಿ, 12 ವೋಲ್ಟ್ ಸಾಲಿನಲ್ಲಿ 16 ಆಂಪ್. ಗುಣಿಸಿ ನೋಡಿ, 192 ವ್ಯಾಟ್. ಈ ಕಾರ್ಡಿಗೆ 107, ಪ್ರೊಸೆಸರಿಗೆ 84, ಕೂಡಿದರೆ 191. ಇನ್ನು ಫ್ಯಾನು, ಹಾರ್ಡ್‌ ಡಿಸ್ಕಿಗೆ ಎಲ್ಲಿಂದ ಬರಬೇಕು? ಕಾರ್ಡೂ ಪ್ರೊಸೆಸರೂ ಕರೆಂಟು ಎಳೆಯುವುದು ಮುಖ್ಯವಾಗಿ ಈ 12 ವೋಲ್ಟ್ ಸಾಲಿನಿಂದ. ಹಾಗಾಗಿ ದೊಡ್ಡ ಅಕ್ಷರ ಬಿಟ್ಟು ಆ ಸಣ್ಣ ಸಾಲು ಓದಿ. ಪಕ್ಕದಲ್ಲೇ ಮಂಚ, ಅದರ ಮೇಲೆ ತಮ್ಮ ಮಲಗುವುದು. ಈಗಲೂ ನೆನೆಸಿಕೊಂಡರೆ ಹೊಟ್ಟೆ ತೊಳಸುತ್ತದೆ.

ಅಂಗಡಿಗೆ ವಾಪಸ್ ಹೋದೆವು. ಸೀಲ್ ಒಡೆದ ಮೇಲೆ ವಾಪಸ್ ಇಲ್ಲ, ಕಾರ್ಡು ಕೆಟ್ಟಿದ್ದರೆ ಸರ್ವಿಸ್ ಸೆಂಟರಿಗೆ ಕೊಡಿ ಅಂದರು. ಕೆಟ್ಟಿಲ್ಲವಲ್ಲ! ವಾರಂಟಿಯಿಂದ ಏನೂ ಆಗಲಿಲ್ಲ. ನನ್ನ ಗೆಳೆಯನೊಬ್ಬನ ಹತ್ತಿರ 4.0 ಸ್ಲಾಟಿನ ಬಿ550 ಬೋರ್ಡಿದೆ. ಅವನು ಎಲ್ಲ ತಿಳಿದೇ 9,500ಕ್ಕೆ ತಗೊಂಡ. ಅವನಲ್ಲಿ ಅದೇ ಕಾರ್ಡು ಚೆನ್ನಾಗಿ ಓಡುತ್ತಿದೆ.

ನಿಮ್ಮದು ಯಾವ ಬೋರ್ಡು ಅಂತ ಸಿಪಿಯು-ಝಡ್ ಅನ್ನುವ ಸಾಫ್ಟ್‌ವೇರಿನ ಮೇನ್‌ಬೋರ್ಡ್ ಪುಟದಲ್ಲಿ ಸಿಗುತ್ತದೆ. ಅದೇ ನಾಲ್ಕನೇ ತಲೆಮಾರಿನ ಐ5 ಇದ್ದರೂ ಬಿ85, ಎಚ್97 ಬೋರ್ಡುಗಳಲ್ಲಿ 3.0 ಇರುತ್ತದೆ, ಎಚ್81ರಲ್ಲಿ ಇಲ್ಲ. ಎರಡನೇ ತಲೆಮಾರಿನ ಐ5 ಆದರೆ 2.0 ಅಷ್ಟೇ. ಆರ್‌ಎಕ್ಸ್ 6400 ಕೂಡ ನಾಲ್ಕೇ ಲೇನ್. ಅದಕ್ಕೆ ಕರೆಂಟು ಕಡಿಮೆ ಸಾಕು ಅಂತ ಹಳೇ ಆಫೀಸ್ ಪಿಸಿಗಳಿಗೆ ತುಂಬಾ ಜನ ಹೇಳುತ್ತಾರೆ, ಲೇನ್ ವಿಷಯ ಹೇಳುವುದಿಲ್ಲ. ಆರ್‌ಟಿಎಕ್ಸ್ 3050ಗೆ ಎಂಟು ಲೇನ್. ಇಂಟೆಲ್ ಆರ್ಕ್ ಕಾರ್ಡುಗಳಿಗೆ ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಟ್ಟಿಗೆ ಬಳಸಲು ಬಿಡುವ ಸೌಲಭ್ಯ) ಬೇಕು, ಇಷ್ಟು ಹಳೇ ಬೋರ್ಡಿಗೆ ಅವನ್ನು ತರಲೇಬೇಡಿ.

ನಾವು ಆಮೇಲೆ ಹುಡುಕಿದ್ದು ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650. ಹದಿನಾರೂ ಲೇನ್ ಬಳಸುತ್ತದೆ, 75 ವ್ಯಾಟ್, ಬೇರೆ ಪವರ್ ವೈರ್ ಬೇಡದ ಮಾಡೆಲ್ ಸಿಕ್ಕಿತು. ನಮ್ಮ 2.0 ಸ್ಲಾಟಿನಲ್ಲೂ 8 ಜಿಬಿ ಹರಿಯುತ್ತದೆ. ಹುಡುಕುವಾಗ ಒಬ್ಬರು 1050 ಟಿಐ ಅಂತ ಅಗ್ಗಕ್ಕೆ ಒಂದನ್ನು ತೋರಿಸಿದ್ದರು. ಹಿಂದೆ ನೀಲಿ ವಿಜಿಎ ಪೋರ್ಟ್ ಇತ್ತು. ಆ ಸರಣಿಯ ಚಿಪ್‌ನಲ್ಲಿ ವಿಜಿಎ ಇಲ್ಲ, ಹಾಗಾಗಿ ಅನುಮಾನ ಬಂತು. ಹಳೇ ಚಿಪ್ಪಿನ ಕಾರ್ಡಿಗೆ ಬಯಾಸ್ (ಕಾರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ತಿದ್ದಿ ಹೊಸ ಹೆಸರು ಕೊಟ್ಟು ಮಾರುವುದು ನಡೆಯುತ್ತಲೇ ಇದೆ. ಜಿಪಿಯು-ಝಡ್ 2018ರಿಂದ ಇಂಥ ಎಷ್ಟೋ ಎನ್‌ವಿಡಿಯಾ ನಕಲಿಗಳನ್ನು ಗುರುತಿಸಿ ಹೆಸರಿನ ಮುಂದೆ ನಕಲಿ ಅಂತಲೇ ತೋರಿಸುತ್ತದೆ. ಮಾರುವವರ ಎದುರೇ ಓಡಿಸಿ ನೋಡಿ, ಬೇಡ ಅಂದರೆ ಎದ್ದು ಬನ್ನಿ.

ಎಸ್‌ಎಂಪಿಎಸ್ ಕೂಡ ಬದಲಾಯಿಸಿದೆವು, ಅದರ ದುಡ್ಡು ನಾನು ಕೊಟ್ಟೆ. ಕಳೆದ 6,000ವನ್ನೂ ತಿಂಗಳಿಗೆ ಸಾವಿರದಂತೆ ತಮ್ಮನಿಗೆ ಕೊಡುತ್ತಿದ್ದೇನೆ. ಬೇಡ ಅಣ್ಣ ಅನ್ನುತ್ತಾನೆ, ನಾನು ಬಿಡುತ್ತಿಲ್ಲ.