ಐರನ್‌ಸ್ವಾರ್ನ್: ಒಬ್ರೇ ಆಡೋರಿಗೆ ಕ್ವೆಸ್ಟ್ ಕೊಡೋ ಪಾತ್ರ ಇಲ್ಲೇ ಸಿಗುತ್ತೆ

ಸೋಲೋ ಆರ್‌ಪಿಜಿಲಿ, ಅಂದ್ರೆ ಒಬ್ರೇ ಕೂತು ಪಾತ್ರ ವಹಿಸಿ ಕಥೆ ಕಟ್ಟೋ ಆಟದಲ್ಲಿ, ದೊಡ್ಡ ಕಷ್ಟ ಅಂದ್ರೆ ಕ್ವೆಸ್ಟ್ (ಸಾಹಸದ ಕೆಲಸ) ಕೊಡೋ ಪಾತ್ರ. ಕಥೆ ನಡೆಸೋ ಗೇಮ್ ಮಾಸ್ಟರ್ ಇರಲ್ಲ, ನಾವೇ ಕೇಳಿ ನಾವೇ ಒಪ್ಕೊಂಡ್ರೆ ಕುತೂಹಲ ಎಲ್ಲಿಂದ ಬರ್ಬೇಕು. ಶಾನ್ ಟಾಮ್‌ಕಿನ್ ಅವರ ಐರನ್‌ಸ್ವಾರ್ನ್ ಅನ್ನೋ ಆಟ ಇದನ್ನ ಚೆನ್ನಾಗಿ ಬಗೆಹರಿಸಿದೆ, 2018ರದ್ದು, ಪಿಡಿಎಫ್ ಪೂರ್ತಿ ಫ್ರೀ. ಒರಾಕಲ್ ಟೇಬಲ್‌ಗಳಲ್ಲಿ (ಡೈಸ್‌ನಲ್ಲಿ ಬಂದ ಸಂಖ್ಯೆಗೆ ಉತ್ತರ ಕೊಡೋ ಪಟ್ಟಿಗಳು) ಡೈಸ್ ಹಾಕಿದ್ರೆ ಪಾತ್ರದ ಕೆಲಸ, ಗುರಿ, ಸ್ವಭಾವ ಬೇರೆ ಬೇರೆಯಾಗಿ ಸಿಗುತ್ತೆ. ನಂಗೆ ಬಂದಿದ್ದು ವೈದ್ಯೆ, ಗುರಿ ಸೇಡು! ಜೀವ ಉಳಿಸೋಳು ಯಾರ ಮೇಲೆ ಸೇಡು ತೀರಿಸ್ಕೋಬೇಕು ಅಂತ ಯೋಚಿಸ್ತಾ ಯೋಚಿಸ್ತಾನೇ ಅರ್ಧ ಕಥೆ ರೆಡಿ ಆಯ್ತು.

ಇನ್ನೂ ಇಷ್ಟ ಆಗಿದ್ದು ಬಾಂಡ್, ಅಂದ್ರೆ ನಮ್ಮ ಪಾತ್ರಕ್ಕೂ ಇನ್ನೊಬ್ರಿಗೂ ಇರೋ ಗಟ್ಟಿ ಸಂಬಂಧ. ಆ ಪಾತ್ರದ ಜೊತೆ ಬಾಂಡ್ ಇದ್ದು ಅವರಿಗೆ ಕೆಲಸ ಮುಗಿಸ್ತೀನಿ ಅಂತ ಪ್ರತಿಜ್ಞೆ ಮಾಡಿದ್ರೆ ಆಗಿನ ಡೈಸ್ ರೋಲ್‌ಗೆ +1 ಸಿಗುತ್ತೆ, ಆದ್ರೆ ಆ ಪ್ರತಿಜ್ಞೆ ಕೈಬಿಟ್ರೆ ಸಂಬಂಧಾನೇ ಪರೀಕ್ಷೆಗೆ ಬರುತ್ತೆ, ಹಂಗಾಗಿ ಕೆಲಸ ಹೇಳಿ ಮಾಯ ಆಗೋ ಪಾತ್ರ ಅಲ್ಲ, ಮತ್ತೆ ಮತ್ತೆ ಅವರ ಮುಖ ನೋಡ್ಬೇಕು.

ಕೊರತೆ ಅಂದ್ರೆ ಪಾತ್ರದ ಮಾತಿನ ಧಾಟಿಗೆ ಟೇಬಲ್ ಏನೂ ಸಹಾಯ ಮಾಡಲ್ಲ, ಅದನ್ನ ನಾವೇ ಕಟ್ಬೇಕು. ಹೊಸಬರು ಒಂದೇ ಪಾತ್ರಕ್ಕೆ ಹತ್ತಾರು ರೋಲ್ ಹಾಕ್ಬೇಡಿ, ಮೂರು ಸಾಕು, ಅವರು ಏನು ಮುಚ್ಚಿಡ್ತಿದ್ದಾರೆ ಅನ್ನೋದನ್ನ ಆಟದ ಮಧ್ಯೆ ಒರಾಕಲ್‌ನೇ ಕೇಳಿ.