ಆಟಕ್ಕೂ ಕರಡು ತಿದ್ದುವುದಕ್ಕೂ ಒಂದೇ ಪರದೆ: 27 ಇಂಚಿನ ವಿಎ ಮಾನಿಟರ್, ದೀರ್ಘ ಬಳಕೆಯ ನಂತರ

ನನ್ನ ಮಾನಿಟರಿನ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ‘1 ಮಿಲಿಸೆಕೆಂಡ್’ ಎಂದು ಅಚ್ಚು ಹಾಕಿದ್ದರು. ಪರದೆಯ ಚುಕ್ಕೆಗಳು (ಪಿಕ್ಸೆಲ್‌ಗಳು) ಬಣ್ಣ ಬದಲಿಸಲು ಅಷ್ಟೇ ಹೊತ್ತು ಸಾಕು ಎಂದು ನಾನು ಓದಿಕೊಂಡೆ. ಆ ಸಾಲಿನ ಮೇಲಿನ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ. ಆದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನನ್ನದು 1440ಪಿ (ಮೇಲಿಂದ ಕೆಳಗೆ 1440 ಪಿಕ್ಸೆಲ್ ಸಾಲು), 165 ಹರ್ಟ್ಜ್‌ನ (ಸೆಕೆಂಡಿಗೆ 165 ಸಲ ಚಿತ್ರ ಬದಲಿಸುವ) ಬಾಗಿದ ಪರದೆ. ವಿಎ ಎಂಬುದು ಎಲ್‌ಸಿಡಿ ಪರದೆಯ ಒಂದು ಬಗೆ, ಐಪಿಎಸ್ ಇನ್ನೊಂದು. ಹಗಲೆಲ್ಲ ಕನ್ನಡ ಪುಟಗಳ ಕರಡು ತಿದ್ದುತ್ತೇನೆ, ರಾತ್ರಿ ಆಡುತ್ತೇನೆ. ಎರಡಕ್ಕೂ ಬೇರೆ ಬೇರೆ ಮಾನಿಟರ್ ಇಡಲು ಕೈಯಲ್ಲಿ ದುಡ್ಡೂ ಇರಲಿಲ್ಲ, ಮೇಜಿನ ಮೇಲೆ ಜಾಗವೂ ಇರಲಿಲ್ಲ. ಆರಂಭದ ದಿನಗಳಲ್ಲಿ ಮೌಸಿನ ಬಾಣವನ್ನು ಸುಮ್ಮನೆ ಅತ್ತಿತ್ತ ಓಡಿಸುವುದೇ ಒಂದು ಸುಖವಾಗಿತ್ತು. (ವಿಂಡೋಸ್ ಎಷ್ಟೋ ಸಲ ಹೊಸ ಮಾನಿಟರನ್ನು 60 ಹರ್ಟ್ಜ್‌ನಲ್ಲೇ ಇಟ್ಟಿರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ಏರಿಸಬೇಕು.)

ತೊಂದರೆ ಕಂಡದ್ದು ಡಾರ್ಕ್ ಮೋಡ್ ಹಾಕಿದ ಮೇಲೆ. ಕಪ್ಪು ಹಿನ್ನೆಲೆಯ ಪುಟವನ್ನು ಸ್ಕ್ರಾಲ್ ಮಾಡಿದರೆ ಪ್ರತಿ ಸಾಲಿನ ಹಿಂದೆಯೂ ನೇರಳೆ ಛಾಯೆಯ ಬಾಲ, ಒದ್ದೆ ಶಾಯಿಯ ಮೇಲೆ ಬೆರಳೆಳೆದ ಹಾಗೆ. ವಿಎ ಪ್ಯಾನಲ್‌ನ ಹುಟ್ಟುಗುಣವೇ ಇದು. ಅದರ ಪಿಕ್ಸೆಲ್‌ಗಳು ಬಿಳಿಯಿಂದ ಕಪ್ಪಿಗೆ ಚುರುಕಾಗಿ ತಿರುಗುತ್ತವೆ, ಕಪ್ಪಿನಿಂದ ಕಡುಬೂದು ಬಣ್ಣಕ್ಕೆ ಏಳುವಾಗ ಮಾತ್ರ ಸೋಮಾರಿಗಳು. 165 ಹರ್ಟ್ಜ್‌ನಲ್ಲಿ ಒಂದು ಫ್ರೇಮಿಗೆ, ಅಂದರೆ ಒಂದು ಚಿತ್ರಕ್ಕೆ, ಸಿಗುವುದು ಸುಮಾರು 6 ಮಿಲಿಸೆಕೆಂಡ್. ಈ ಒಂದು ಬದಲಾವಣೆಗೆ ಅದರ ಮೂರು ನಾಲ್ಕು ಪಟ್ಟು ಹೊತ್ತು ಹಿಡಿಯುತ್ತದೆ. ಹಾಗಿದ್ದರೆ ಪೆಟ್ಟಿಗೆಯ ಮೇಲಿನ ‘1’ ಎಲ್ಲಿಯದು? ಅದರ ಪಕ್ಕದಲ್ಲೇ ಸಣ್ಣಕ್ಷರದಲ್ಲಿ ‘ಎಂಪಿಆರ್‌ಟಿ’ ಎಂದಿದೆ. ಬ್ಯಾಕ್‌ಲೈಟನ್ನು (ಪರದೆಯ ಹಿಂದಿನ ದೀಪವನ್ನು) ಮಿನುಗಿಸಿ, ಚಿತ್ರ ಕಣ್ಣಿಗೆ ಬೀಳುವ ಹೊತ್ತನ್ನು ಕಡಿಮೆ ಮಾಡಿ ಅಳೆದ ಲೆಕ್ಕ ಅದು, ಪಿಕ್ಸೆಲ್ ಬಣ್ಣ ಬದಲಿಸುವ ವೇಗವಲ್ಲ. ಹಾಗೆ ಮಿನುಗಿಸುವ ಮೋಡ್ ಹಾಕಿದರೆ ಪರದೆ ಮಂಕಾಗುತ್ತದೆ, ನನಗೆ ತಲೆಯೂ ನೋಯುತ್ತದೆ. ಪಿಕ್ಸೆಲ್‌ಗಳನ್ನು ಚುರುಕುಗೊಳಿಸುವ ಓವರ್‌ಡ್ರೈವ್ ಸೆಟ್ಟಿಂಗನ್ನು ಕೊನೆಯ ಹಂತಕ್ಕೆ ಏರಿಸಿದರೂ ಬಾಲ ಹೋಗಲಿಲ್ಲ, ಮಿಕ್ಕ ಕಡೆಗಳಲ್ಲಿ ಅಕ್ಷರಗಳ ಸುತ್ತ ಬೆಳ್ಳನೆಯ ಅಂಚು ಬೇರೆ ಬಂದು ಕೂತಿತು. ಈಗ ಅದು ಮಧ್ಯದ ಹಂತದಲ್ಲಿದೆ, ಅಲ್ಲೇ ಇರಲಿ.

ಕಚೇರಿಗೆ ಹೋದ ದಿನ ನನ್ನೆದುರು ಇರುವುದು 27 ಇಂಚಿನದೇ, ಆದರೆ 4ಕೆ (2160 ಸಾಲು) ಐಪಿಎಸ್, 60 ಹರ್ಟ್ಜ್. ಕರಡು ತಿದ್ದುವವರಿಗೆ ದ ಮತ್ತು ಧ, ಪ ಮತ್ತು ಫ ಇವುಗಳ ಹೊಟ್ಟೆ ಸೀಳಿದೆಯೋ ಇಲ್ಲವೋ ಎಂಬುದೇ ದಿನದ ಚಿಂತೆ. ಇಂಚಿಗೆ 163 ಪಿಕ್ಸೆಲ್ ಇರುವ ಆ ಪರದೆಯಲ್ಲಿ ‘ರಾಷ್ಟ್ರ’ದ ಒತ್ತುಗಳು ಸಣ್ಣ ಅಕ್ಷರದಲ್ಲೂ ಬಿಡಿಬಿಡಿಯಾಗಿ ಕಾಣುತ್ತವೆ. ಮನೆಯ 109ರಲ್ಲಿ ಅಕ್ಷರದ ಗಾತ್ರವನ್ನು ಒಂದು ಮೆಟ್ಟಿಲು ಏರಿಸಿಕೊಂಡರೆ ಸಾಕು, ಕೆಲಸ ನಡೆಯುತ್ತದೆ. ಇದೇ 27 ಇಂಚಿನಲ್ಲಿ 1080ಪಿ ಕೊಳ್ಳುತ್ತೇನೆ ಎನ್ನುವವರನ್ನು ಮಾತ್ರ ತಡೆಯುತ್ತೇನೆ. ಇಂಚಿಗೆ 82 ಪಿಕ್ಸೆಲ್‌ನಲ್ಲಿ ಕನ್ನಡದ ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದು ಮುದ್ದೆಯಾಗುತ್ತವೆ, ಇಂಗ್ಲಿಷ್ ಓದುವವರಿಗೆ ಅಷ್ಟಾಗಿ ತಟ್ಟದ ಕಷ್ಟ ಇದು.

ಹಾಗಾದರೆ ಮನೆಗೂ 4ಕೆ ತರಬಹುದಿತ್ತಲ್ಲ? ತರಬಹುದಿತ್ತು, ಆದರೆ 1440ಪಿಗಿಂತ ಅದರಲ್ಲಿ ಪಿಕ್ಸೆಲ್‌ಗಳು 2.25 ಪಟ್ಟು ಹೆಚ್ಚು. ನನ್ನ ಹಳೆಯ ಗ್ರಾಫಿಕ್ಸ್ ಕಾರ್ಡ್ ಅಷ್ಟನ್ನು ಎಳೆಯಲಾರದು. ಮಾನಿಟರ್ ಜೊತೆಗೆ ಕಾರ್ಡಿನ ಖರ್ಚೂ ಮೈಮೇಲೆ ಬರುತ್ತಿತ್ತು. ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಒಎಲ್‌ಇಡಿ ಪರದೆಯಲ್ಲಿ ಬಾಲದ ಕಾಟವಿಲ್ಲ, ನಿಜ. ಆದರೆ ಅಲ್ಲಾಡದ ಟಾಸ್ಕ್‌ಬಾರನ್ನು ಹಗಲಿಡೀ ಹೊತ್ತು ನಿಲ್ಲುವ ಪರದೆಗೆ ಅಚ್ಚು ಉಳಿಯುವ ಭಯ ಇದ್ದೇ ಇದೆ, ನನ್ನ ಕೆಲಸಕ್ಕೆ ಅದು ಒಗ್ಗದು.

ಆಮೇಲೆ ಒಂದು ರಾಜಿಯಾಯಿತು. ಈಗ ಬೆಳಗ್ಗೆ ಕೂರುವ ಮೊದಲು ಪರದೆಯ ಹಿಂಬದಿಯ, ಸೆಟ್ಟಿಂಗ್ ಬದಲಿಸುವ ಪುಟ್ಟ ಕೋಲನ್ನು ಬೆರಳಿನಿಂದ ತಡವಿ ಹುಡುಕಿ, ಬಲಕ್ಕೆ ಎರಡು ಸಲ ತಳ್ಳುತ್ತೇನೆ. ‘ಓದು’ ಎಂದು ನಾನೇ ಉಳಿಸಿಟ್ಟ ವ್ಯವಸ್ಥೆ ಬರುತ್ತದೆ: ಬೆಳಕು ಕಡಿಮೆ, ಬಣ್ಣ ತುಸು ಬೆಚ್ಚಗೆ. ಕಡತದ ಹಿನ್ನೆಲೆ ಹಳೆಯ ಕಾಗದದ ಬಣ್ಣ, ಅಕ್ಷರ ಕಪ್ಪು. ಬೆಳಕಿನ ಹಿನ್ನೆಲೆಯಲ್ಲಿ ಬಾಲವೇ ಕಾಣದು. ಡಾರ್ಕ್ ಮೋಡ್ ಬೇಕೇ ಬೇಕು ಎನಿಸಿದ ದಿನ ಅಪ್ಪಟ ಕಪ್ಪಿನ ಬದಲು ಬೂದು ಬಣ್ಣವನ್ನು ಆಯ್ದುಕೊಳ್ಳುತ್ತೇನೆ, ಬಾಲ ಅರ್ಧಕ್ಕರ್ಧ ಇಳಿಯುತ್ತದೆ. ಬಟ್ಟೆಯ ತುದಿಯಿಂದ ಧೂಳು, ಬೆರಳಚ್ಚು ಒರೆಸುವುದೂ ಬೆಳಗ್ಗೆಯೇ, ಪರದೆ ಹೊತ್ತಿಕೊಳ್ಳುವ ಮೊದಲು, ಏಕೆಂದರೆ ಕಪ್ಪಿನ ಮೇಲೆ ಬೆರಳಚ್ಚು ಚೆನ್ನಾಗಿ ಕಾಣುತ್ತದೆ.

ರಾತ್ರಿ ಕೋಣೆಯ ದೀಪ ಆರಿಸಿ ಕೂತರೆ ಇದೇ ಪ್ಯಾನಲ್ ಬೇರೆಯದೇ ಆಗಿಬಿಡುತ್ತದೆ. ಸಾಮಾನ್ಯ ಐಪಿಎಸ್‌ನ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅನುಪಾತ) 1000:1ರ ಆಸುಪಾಸು, ವಿಎಯದು 3000:1ರ ಹತ್ತಿರ. ಗುಹೆಯೊಳಗೆ ದೀಪ ಹಿಡಿದು ನಡೆಯುವ ಆಟವೊಂದರಲ್ಲಿ ಕತ್ತಲು ಕತ್ತಲಾಗಿಯೇ ಇತ್ತು, ಕಚೇರಿಯ ಪರದೆಯಲ್ಲಿ ಅದೇ ದೃಶ್ಯದ ಮೂಲೆಗಳು ಬೂದಿ ಬೂದಿ. ವೇಗವಾಗಿ ತಿರುಗಿದಾಗ ನೆರಳುಗಳು ಕಲೆಸಿಕೊಳ್ಳುತ್ತವೆ, ಆದರೆ ನಾನು ನಿಧಾನಕ್ಕೆ ಆಡುವವನು, ಎದುರಾಳಿಗೆ ಗುಂಡು ಹೊಡೆಯುವ ಸ್ಪರ್ಧೆಗಳತ್ತ ಹೋಗುವುದಿಲ್ಲ. ಹೋಗುವವರು ಚುರುಕು ಐಪಿಎಸ್ ಕೊಳ್ಳಲಿ, ಎರಡು ಮಾತಿಲ್ಲ. ಲೋಡಿಂಗ್ ಪರದೆಗಳಲ್ಲಿ ಫ್ರೇಮ್ ದರ ಏರಿಳಿದಾಗ ಬೆಳಕು ಅದುರುವ ಕಿರಿಕಿರಿಯಿತ್ತು. ದರಕ್ಕೆ ಆಟದಲ್ಲೇ ಒಂದು ಮಿತಿ ಹಾಕಿದ ಮೇಲೆ ಅದು ಅಪರೂಪವಾಯಿತು. ಪೆಟ್ಟಿಗೆಯ ಮೇಲಿನ ‘ಡಿಸ್‌ಪ್ಲೇ ಎಚ್‌ಡಿಆರ್ 400’ ಎಂಬ ಚೀಟಿಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ಎಚ್‌ಡಿಆರ್ ಎಂದರೆ ಕತ್ತಲು-ಬೆಳಕಿನ ಹರವನ್ನು ಹಿಗ್ಗಿಸಿ ತೋರಿಸುವ ವ್ಯವಸ್ಥೆ. ಬೆಳಕನ್ನು ಭಾಗ ಭಾಗವಾಗಿ ನಿಯಂತ್ರಿಸುವ ವ್ಯವಸ್ಥೆ ಇರಲೇಬೇಕೆಂದು ಆ ದರ್ಜೆ ಕೇಳುವುದಿಲ್ಲ. ಅದಿಲ್ಲದ ಎಚ್‌ಡಿಆರ್‌ನಿಂದ ಹೆಚ್ಚೇನೂ ಸಿಗದು, ನಾನು ಅದನ್ನು ಆಫ್ ಮಾಡಿಯೇ ಇಟ್ಟಿದ್ದೇನೆ.

ಇದನ್ನು ಮಾರಿಬಿಡುವ ಯೋಚನೆ ಸದ್ಯಕ್ಕಿಲ್ಲ. ಕಾರ್ಡ್ ಬದಲಿಸುವ ದಿನ ಬಂದರೆ ಹೆಚ್ಚು ಹರ್ಟ್ಜ್‌ನ 4ಕೆ ಐಪಿಎಸ್ ಕಡೆಗೆ ಕೈ ಹೋದೀತು. ನೀವು ವಿಎ ಕೊಳ್ಳಲು ಹೊರಟಿದ್ದರೆ, ಅಂಗಡಿಯವರು ಹಾಕಿ ತೋರಿಸುವ ಬಣ್ಣಬಣ್ಣದ ವಿಡಿಯೊ ನೋಡುತ್ತ ನಿಲ್ಲಬೇಡಿ. ಅಪ್ಪಟ ಕಪ್ಪು ಹಿನ್ನೆಲೆಯ, ತುಂಬ ಸಾಲುಗಳಿರುವ ಪುಟವೊಂದನ್ನು ತೆರೆಸಿ, ನಿಮ್ಮ ಕೈಯಿಂದಲೇ ಸ್ಕ್ರಾಲ್ ಮಾಡಿ ನೋಡಿ.